ಬ್ಯಾಂಕ್ ಸೀಜ್ ಮಾಡಿದ ಈಕೋ ವ್ಯಾನ್ ಆನ್‌ಲೈನ್ ಹರಾಜಿಗೆ ಬಂದಿದೆ, ಬಿಡ್ ಹಾಕಲಾ ಬೇಡವಾ?

ತುಮಕೂರು ಒಗ್ಗರಣೆ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರಲ್ಲಿ ಚಿಕ್ಕ ಕೇಟರಿಂಗ್. ನಾಮಕರಣ, ಸೀಮಂತ, ಗೃಹಪ್ರವೇಶ, 200 ಎಲೆ ತನಕ ಮಾಡುತ್ತೇವೆ. ಪಾತ್ರೆ, ಒಲೆ, ತರಕಾರಿ ಸಾಗಿಸೋಕೆ ಪ್ರತಿ ಸಲ ಬಾಡಿಗೆ ಗಾಡಿ. ಆಷಾಢದಲ್ಲಿ ಕೆಲಸ ಇರಲಿಲ್ಲ, ಸುಮ್ನೆ ಕೂತು ಲೆಕ್ಕ ಹಾಕಿದೆ. ಸೀಸನ್‌ನಲ್ಲಿ ಬಾಡಿಗೆಗೇ ತಿಂಗಳಿಗೆ 14 ಸಾವಿರ ಹೋಗುತ್ತಿದೆ. ಹೊಸ ಈಕೋ ತೆಗೆದುಕೊಳ್ಳೋಣ ಅಂದರೆ ಶೋರೂಮ್ ಬೆಲೆಯೇ 5 ಲಕ್ಷದ ಮೇಲೆ.

ಫೋನಲ್ಲಿ ಹರಾಜಿನ ಆ್ಯಪ್ ಒಂದರಲ್ಲಿ 2018ರ ಪೆಟ್ರೋಲ್ ಈಕೋ ಕಂಡಿತು. ಸಾಲ ಕಟ್ಟಿಲ್ಲ ಅಂತ ಬ್ಯಾಂಕಿನವರು ಸೀಜ್ ಮಾಡಿದ ಗಾಡಿ. ನೆಲಮಂಗಲ ಕಡೆಯ ಯಾರ್ಡಲ್ಲಿ ನಿಂತಿದೆ. ಶುರುವಿನ ಬೆಲೆ 1.95 ಲಕ್ಷ. 20 ಸಾವಿರ ಡೆಪಾಸಿಟ್ ಕಟ್ಟಿದರೆ ಬಿಡ್ ಹಾಕಬಹುದು. ಎಂಟು ಫೋಟೋ ಹಾಕಿದ್ದಾರೆ, ಅದರಲ್ಲಿ ಮೂರು ಒಂದೇ ಫೋಟೋ. ಹಿಂದಿನ ಗಾಜಿನ ಮೇಲಿನ 'ಅಪ್ಪ ಅಮ್ಮನ ಆಶೀರ್ವಾದ' ಸ್ಟಿಕರ್ ಮಾತ್ರ ಸ್ಪಷ್ಟವಾಗಿ ಕಾಣುತ್ತಿದೆ! ನಮ್ಮ ಯಜಮಾನರು ಬೇಡವೇ ಬೇಡ ಅನ್ನುತ್ತಾರೆ, ತಮ್ಮ ಈಗಲೇ ಹಾಕು ಅನ್ನುತ್ತಾನೆ. ಸೋಮವಾರ ಸಂಜೆ 5ಕ್ಕೆ ಹರಾಜು ಮುಗಿಯುತ್ತದೆ. ಹೀಗೆ ತೆಗೆದುಕೊಂಡವರು ಯಾರಾದರೂ ಇದ್ದೀರಾ?

ಯಾರ್ಡ್ ಸುತ್ತೋನು

ಅಕ್ಕ, ನಾನು ವರ್ಷಕ್ಕೆ ಹತ್ತು ಹನ್ನೆರಡು ಗಾಡಿ ಹೀಗೇ ತೆಗೆದು ರಿಪೇರಿ ಮಾಡಿ ಮಾರುತ್ತೇನೆ. ಮೊದಲನೇ ಮಾತು, 1.95 ಅನ್ನೋದು ಗಾಡಿಯ ಬೆಲೆ ಅಲ್ಲ. ಅದು ಬಾಗಿಲು.

ಹರಾಜಿನ ನಿಯಮ ಓದಿದ್ದೀರಾ? ಅದರಲ್ಲಿ 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ' ಅಂತ ಒಂದು ಸಾಲು ಇರುತ್ತದೆ. ಅಂದರೆ ಇಂಜಿನ್ ಜಾಮ್ ಆಗಿರಲಿ, ಸ್ಟೆಪ್ನಿ ಕಾಣೆಯಾಗಿರಲಿ, ದಂಡ ಬಾಕಿ ಇರಲಿ, ತೆಗೆದುಕೊಂಡ ಮೇಲೆ ಎಲ್ಲ ನಿಮ್ಮದೇ. ವಾಪಸ್ ಅನ್ನೋ ಮಾತೇ ಇಲ್ಲ.

ನನ್ನದೇ ಒಂದು ಲೆಕ್ಕ ಹೇಳುತ್ತೇನೆ. ಹೋದ ವರ್ಷ ಒಂದು ವ್ಯಾಗನ್ ಆರ್ 2.40ಕ್ಕೆ ಬಿಡ್ಡಾಯಿತು. ಪೋರ್ಟಲ್ ಫೀಸು 7,000. ಇನ್ಶೂರೆನ್ಸ್ ಲ್ಯಾಪ್ಸ್ ಆಗಿತ್ತು, 9,500. ಹಳೆ ದಂಡ 6,500. ಬ್ಯಾಟರಿ ಸತ್ತಿತ್ತು, 4,800. ಎರಡು ಟೈರ್ 7,400. ಟೋಯಿಂಗ್ 4,500. ಆರ್‌ಟಿಒ ಖರ್ಚು ಏಜೆಂಟ್ ಸೇರಿ 9,000. ಮನೆಗೆ ಬಂದ ಮೇಲೆ ಕ್ಲಚ್ಚು, 8,300. ಕೂಡಿಸಿ ನೋಡಿ, 2.97 ಆಯಿತು. ಕೆಲವು ಹರಾಜಲ್ಲಿ ಬಿಡ್ ಮೇಲೆ ಜಿಎಸ್‌ಟಿಯೂ ಸೇರುತ್ತದೆ, ಕೆಲವದರಲ್ಲಿ ಬಿಡ್‌ನಲ್ಲೇ ಸೇರಿರುತ್ತದೆ. ಡೆಪಾಸಿಟ್ ಕಟ್ಟುವ ಮುಂಚೆ ಅದನ್ನು ಕೇಳಿ ಬರೆಸಿಕೊಳ್ಳಿ, ಫೋನಲ್ಲಿ ಹೇಳಿದ್ದು ಯಾರೂ ಒಪ್ಪಲ್ಲ.

ಗಾಡಿ ನೋಡದೆ ಬಿಡ್ ಹಾಕಬೇಡಿ. ಇದೊಂದು ನಿಮ್ಮ ಯಜಮಾನರ ಪರವಾಗಿ.

ಮಲ್ಲೇಶ್ವರಂ ಮಾವ

ಇಷ್ಟೆಲ್ಲ ತಲೆನೋವು ಯಾಕೆ? ಗೊತ್ತಿರೋರ ಹತ್ತಿರ ನೇರವಾಗಿ ತೆಗೆದುಕೊಳ್ಳಿ.

ಯಾರ್ಡ್ ಸುತ್ತೋನು

ಗೊತ್ತಿರೋರ ಹತ್ತಿರ ಈಕೋ ಇರಬೇಕಲ್ಲ ಮಾವ.

ರಿಟೈರ್ಡ್ ಗುಮಾಸ್ತ

ನಾನು ಮೂವತ್ತು ವರ್ಷ ಇಂಥ ಕಾಗದಗಳ ನಡುವೆಯೇ ಕೂತವನು. ಎಲ್ಲರೂ ಇಂಜಿನ್ ನೋಡುತ್ತಾರೆ, ಕಾಗದ ನೋಡಲ್ಲ. ಇಂಜಿನ್ ಕೆಟ್ಟರೆ ದುಡ್ಡು ಕೊಟ್ಟು ರಿಪೇರಿ ಮಾಡಿಸಬಹುದು. ಆರ್‌ಸಿ ನಿಮ್ಮ ಹೆಸರಿಗೆ ಬರದಿದ್ದರೆ ಅದು ಗಾಡಿಯೇ ಅಲ್ಲ, ಮನೆ ಮುಂದೆ ನಿಂತಿರುವ ತಗಡು.

ಸಾಮಾನ್ಯವಾಗಿ ಗಾಡಿ ಮಾರುವಾಗ ಓನರ್ ಫಾರಂ 29, 30ಕ್ಕೆ ಸಹಿ ಹಾಕುತ್ತಾನೆ. ಸಾಲ ಇದ್ದರೆ ಎಚ್‌ಪಿ (ಆರ್‌ಸಿಯಲ್ಲಿರುವ ಸಾಲದ ನಮೂದು) ಕ್ಯಾನ್ಸಲ್‌ಗೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ. ಆದರೆ ಸೀಜ್ ಆದ ಗಾಡಿಯ ಓನರ್ ಬಂದು ಸಹಿ ಹಾಕುತ್ತಾನಾ? ಅವನ ಹೊಟ್ಟೆ ಉರಿಯುತ್ತಿರುತ್ತದೆ. ಆರ್‌ಸಿ ಕಾರ್ಡೂ ಅವನ ಹತ್ತಿರವೇ ಉಳಿದಿರುತ್ತದೆ. ಅದಕ್ಕೆ ಕಾಯ್ದೆಯಲ್ಲಿ ಬೇರೆ ದಾರಿ ಇದೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಸಾಲ ಕೊಟ್ಟವರು ಫಾರಂ 36ರಲ್ಲಿ ಅರ್ಜಿ ಹಾಕಬೇಕು. ಆರ್‌ಟಿಒದವರು ಹಳೆ ಓನರ್‌ಗೆ ಫಾರಂ 37ರಲ್ಲಿ ನೋಟಿಸ್ ಕಳಿಸುತ್ತಾರೆ, ಆರ್‌ಸಿ ತಂದು ಒಪ್ಪಿಸು, ಹೇಳೋದಿದ್ದರೆ ಹೇಳು ಅಂತ. ಆಮೇಲೆ ಹಳೆ ಆರ್‌ಸಿ ರದ್ದು ಮಾಡಿ ಸಾಲ ಕೊಟ್ಟವರ ಹೆಸರಿಗೆ ಹೊಸದು ಮಾಡುತ್ತಾರೆ. ಅಲ್ಲಿಂದ ನಿಮ್ಮ ಹೆಸರಿಗೆ.

ಹಾಗಾಗಿ ಬಿಡ್ ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ. "36 ನೀವೇ ಮಾಡಿಸಿ ಕೊಡುತ್ತೀರಾ, ಇಲ್ಲಾ ಓನರ್ ಸಹಿ ಇರುವ 29, 30 ಕೈಗೆ ಕೊಡುತ್ತೀರಾ?" ಎರಡನೆಯದಾದರೆ ಹುಷಾರು. ಸಾಲ ಕೊಡುವಾಗಲೇ ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡಿರುತ್ತಾರೆ, ಏಳು ವರ್ಷದ ನಂತರ ಸಹಿ ತಾಳೆ ಆಗಲ್ಲ. ಈಗಂತೂ ಒಟಿಪಿ ಕಾಲ. ಹಳೆ ಓನರ್ ಫೋನಿಗೆ ಒಟಿಪಿ ಹೋದರೆ ಯಾರು ಹೇಳುತ್ತಾರೆ?

ಇನ್ನೊಂದು, ಆ ಗಾಡಿಯ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಆರ್‌ಟಿಒ ದಾಖಲೆಯ ಪ್ರತಿ ತೆಗೆಸಿ. ಆರ್‌ಸಿ ಕಾರ್ಡಿಗಿಂತ ಅದರಲ್ಲಿ ಜಾಸ್ತಿ ಇರುತ್ತದೆ. ಎಷ್ಟನೇ ಓನರ್, ಟ್ಯಾಕ್ಸ್ ಎಷ್ಟು ಕಟ್ಟಿದೆ, ಎಚ್‌ಪಿ ಯಾವ ಬ್ಯಾಂಕಿನ ಹೆಸರಲ್ಲಿದೆ ಎಲ್ಲ ಗೊತ್ತಾಗುತ್ತದೆ. ಹರಾಜು ಹಾಕುತ್ತಿರುವ ಬ್ಯಾಂಕೂ ಎಚ್‌ಪಿಯಲ್ಲಿರುವ ಬ್ಯಾಂಕೂ ಒಂದೇನಾ ನೋಡಿ.

ತುಮಕೂರು ಒಗ್ಗರಣೆ

ಸರ್, ತುಂಬಾ ಥ್ಯಾಂಕ್ಸ್. ಸರ್ಕಾರದ ಎಂಪರಿವಾಹನ್ ಆ್ಯಪಲ್ಲಿ ಗಾಡಿ ನಂಬರ್ ಹಾಕಿ ನೋಡಿದೆ. ಮೊದಲನೇ ಓನರ್ ಅಂತ ಇದೆ. ಎಚ್‌ಪಿ ಅದೇ ಬ್ಯಾಂಕು. ಬ್ಲ್ಯಾಕ್‌ಲಿಸ್ಟ್ ಅಂತ ಏನೂ ಇಲ್ಲ. ಇನ್ಶೂರೆನ್ಸ್ ಮುಗಿದು ಹತ್ತು ತಿಂಗಳಾಗಿದೆ. ಬಾಕಿ ದಂಡ ಹನ್ನೊಂದು ಇದೆ, ಎಲ್ಲ ಹೆಲ್ಮೆಟ್... ಅಲ್ಲಲ್ಲ, ಸೀಟ್‌ಬೆಲ್ಟ್ ಮತ್ತು ಸಿಗ್ನಲ್ ಜಂಪು. 5,500 ರೂಪಾಯಿ.

ಕೆಂಗೇರಿ ಎಕ್ಸ್‌ಪ್ರೆಸ್

2023ರ ಫೆಬ್ರವರಿಯಲ್ಲಿ ಹಳೇ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿದ್ದರಲ್ಲ, ಆಗ ಕಟ್ಟೋಕೆ ಕ್ಯೂ ನಿಂತಿದ್ದರು ಜನ. ಈ ಪುಣ್ಯಾತ್ಮ ಆಗಲೂ ಕಟ್ಟಿಲ್ಲ ಅಂದರೆ...

ನಿರ್ವಾಹಕರು

ದಯವಿಟ್ಟು ಗಾಡಿ ನಂಬರ್ ಪೂರ್ತಿ ಇಲ್ಲಿ ಹಾಕಬೇಡಿ. ಒಬ್ಬರು ಹಾಕಿದ್ದರು, ತೆಗೆದಿದ್ದೇವೆ. ಆ ಓನರ್ ಕೂಡ ಇದನ್ನು ಓದುತ್ತಿರಬಹುದು.

ಸಕಲೇಶಪುರ ಘಾಟಿ

ಹರಾಜು ಅಂದ ಕೂಡಲೇ ನನ್ನ ಗಾಯ ಕೆದಕಿದ ಹಾಗಾಯಿತು. ನನಗೆ ಮೊದಲಿನಿಂದಲೂ ಸರ್ಕಾರಿ ಜೀಪಿನ ಹುಚ್ಚು. ತೋಟಕ್ಕೆ ಬೇಕಿತ್ತು ಕೂಡ. ಎರಡು ವರ್ಷದ ಹಿಂದೆ ಒಂದು ಇಲಾಖೆಯ ಹಳೇ ಬೊಲೆರೊ ಹರಾಜಿಗೆ ಬಂತು. 2007ರದ್ದು. ಟೈರ್ ಚೆನ್ನಾಗಿತ್ತು, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು, ಡ್ರೈವರ್ ಸಾಹೇಬರು ಮಗುವಿನ ಥರ ನೋಡಿಕೊಂಡಿದ್ದರು. 1.10 ಲಕ್ಷಕ್ಕೆ ನನ್ನದಾಯಿತು. ನಿಯಮದ ಪಟ್ಟಿಯಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು, ಓದಲಿಲ್ಲ.

ಆರ್‌ಟಿಒಗೆ ಹೋದರೆ ಹೆಸರು ಬದಲಾಯಿಸಲು ಆಗಲ್ಲ ಅಂದರು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಇಲ್ಲ. ಕೇಂದ್ರ, ರಾಜ್ಯ, ಸಾರಿಗೆ ನಿಗಮ, ಸರ್ಕಾರಿ ಕಂಪನಿ, ಎಲ್ಲಕ್ಕೂ ಅನ್ವಯ. ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ನಾನು ತೆಗೆದುಕೊಂಡಿದ್ದು ಗಾಡಿ ಅಲ್ಲ, ಒಂದೂವರೆ ಟನ್ ಕಬ್ಬಿಣ. ಕೊನೆಗೆ ಕೆಜಿ ಲೆಕ್ಕದಲ್ಲಿ ಕೊಟ್ಟೆ. ಆ ದಿನ ಅದನ್ನು ಎಳೆದುಕೊಂಡು ಹೋಗುವಾಗ ಹಾರ್ನ್ ಒಂದು ಸಲ ಒತ್ತಿ ನೋಡಿದೆ, ಅದೂ ಕೆಲಸ ಮಾಡುತ್ತಿತ್ತು.

ರಿಟೈರ್ಡ್ ಗುಮಾಸ್ತ

ಎಂಎಸ್‌ಟಿಸಿ ಥರದ ಸರ್ಕಾರಿ ಪೋರ್ಟಲ್‌ನಲ್ಲಿ ಹಾಕುವಾಗ ಸ್ಕ್ರ್ಯಾಪ್ ಆಗಿ ಮಾರುತ್ತಿದ್ದಾರಾ, ಓಡಿಸುವ ಗಾಡಿಯಾಗಿ ಮಾರುತ್ತಿದ್ದಾರಾ ಅಂತ ಹರಾಜಿಗಿಟ್ಟ ಆ ಗಾಡಿಯ ವಿವರದಲ್ಲಿ ಬರೆದಿರುತ್ತಾರೆ. ಅಲ್ಲೇ ಜನ ಎಡವುತ್ತಾರೆ. ವಯಸ್ಸು ಮೀರದ ಸರ್ಕಾರಿ ಗಾಡಿ ಹರಾಜಲ್ಲಿ ಬಂದರೆ ಅದಕ್ಕೆ ಫಾರಂ 32. ಗಾಡಿ ಕೈಗೆ ಬಂದ 30 ದಿನದೊಳಗೆ ಅರ್ಜಿ ಹಾಕಬೇಕು. ಹರಾಜು ಮಾಡಿದ ಅಧಿಕಾರಿ ಸಹಿ ಮಾಡಿದ ಪತ್ರ, ಹರಾಜಿಗೆ ಅನುಮತಿ ಕೊಟ್ಟ ಆದೇಶದ ದೃಢೀಕೃತ ಪ್ರತಿ, ಎರಡೂ ಬೇಕು. ಗಾಡಿ ಎತ್ತುವ ದಿನವೇ ಇಸಿದುಕೊಳ್ಳಿ. ಆಮೇಲೆ ಹೋದರೆ ಆ ಸಾಹೇಬರು ವರ್ಗ ಆಗಿರುತ್ತಾರೆ.

ಪೀಣ್ಯ ಸ್ಪ್ಯಾನರ್

ಅಕ್ಕ, ಈಕೋ ನೋಡೋಕೆ ಹೋದಾಗ ಒಬ್ಬ ಮೆಕ್ಯಾನಿಕ್‌ನ ಕರೆದುಕೊಂಡೇ ಹೋಗಿ. ಐನೂರೋ ಸಾವಿರವೋ ಕೊಡಿ, ಪರವಾಗಿಲ್ಲ. ಹಾಗೇ ಚಾರ್ಜ್ ಆಗಿರೋ ಬ್ಯಾಟರಿ ಮತ್ತು ಜಂಪರ್ ಕೇಬಲ್ ತೆಗೆದುಕೊಂಡು ಹೋಗಿ. ಯಾರ್ಡಲ್ಲಿ ಆರು ತಿಂಗಳು ನಿಂತ ಗಾಡಿ ಅದರ ಬ್ಯಾಟರಿಯಲ್ಲಿ ಸ್ಟಾರ್ಟ್ ಆಗಲ್ಲ. ಬ್ಯಾಟರಿ ಇದ್ದರೆ ಅದೇ ನಿಮ್ಮ ಪುಣ್ಯ.

ಈಕೋದಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗಿದೆ, ಬಾನೆಟ್ ಎತ್ತಿ ನೋಡಿದರೆ ಏನೂ ಗೊತ್ತಾಗಲ್ಲ. ಸೀಟು ಎತ್ತಿಸಿ. ಆಯಿಲ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ. ಮಜ್ಜಿಗೆ ಹುಳಿ ಬಣ್ಣದ ನೊರೆ ಅಂಟಿದ್ದರೆ ಇಂಜಿನ್ ಒಳಗೆ ನೀರು ಹೋಗಿದೆ, ಸುಮ್ಮನೆ ಮುಚ್ಚಿಟ್ಟು ಮನೆಗೆ ಬನ್ನಿ.

ಸೀಟ್‌ಬೆಲ್ಟನ್ನು ಕೊನೆ ತನಕ ಎಳೆಯಿರಿ. ಮಳೆ ನೀರಲ್ಲಿ ಮುಳುಗಿದ ಗಾಡಿಯಾದರೆ ಬೆಲ್ಟಿನ ಒಳಭಾಗದಲ್ಲಿ ಮಣ್ಣಿನ ಗೆರೆ ಇರುತ್ತದೆ. ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಾಯಿಸುತ್ತಾರೆ, ಬೆಲ್ಟು ಯಾರೂ ಪೂರ್ತಿ ಎಳೆದು ತೊಳೆಯಲ್ಲ. 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡು, ಯಮಲೂರು ಕಡೆ ಬೇಸ್‌ಮೆಂಟಲ್ಲೇ ಮುಳುಗಿದ ಗಾಡಿಗಳು ನಮ್ಮ ಗ್ಯಾರೇಜಿಗೂ ಬಂದಿದ್ದವು. ಹೊರಗೆ ನೋಡಿದರೆ ಶೋರೂಮ್ ಗಾಡಿ. ಡ್ಯಾಶ್‌ಬೋರ್ಡ್ ಬಿಚ್ಚಿದರೆ ವೈರಿನ ಜಾಯಿಂಟಲ್ಲೆಲ್ಲ ಹಸಿರು ತುಕ್ಕು. ಒಂದು ದಿನ ಹಾರ್ನ್ ಹೋಗುತ್ತದೆ, ಒಂದು ದಿನ ವೈಪರ್, ಒಂದು ದಿನ ನಡುರಸ್ತೆಯಲ್ಲಿ ಇಂಜಿನ್ನೇ ಹೋಗುತ್ತದೆ, ಏನು ಅಂತ ಹುಡುಕೋದು?

ನ್ಯೂಜೆರ್ಸಿ ರಾಗಿಮುದ್ದೆ

ಇಲ್ಲಿ ಅಮೆರಿಕದಲ್ಲಿ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಮಾಡಿದ ಕಾರಿನ ಟೈಟಲ್ ಮೇಲೆಯೇ 'ಸಾಲ್ವೇಜ್' ಅಂತ ಮುದ್ರೆ ಬೀಳುತ್ತದೆ. ರಿಪೇರಿ ಆದ ಮೇಲೂ ಅದರ ಗುರುತು ಉಳಿಯುತ್ತದೆ. ಊರಲ್ಲಿ ಹಾಗಿಲ್ಲ ಅಲ್ವಾ?

ಪೀಣ್ಯ ಸ್ಪ್ಯಾನರ್

ಆರ್‌ಸಿ ಮೇಲೆ ಅಂಥ ಮುದ್ರೆ ಇಲ್ಲ ಅಣ್ಣ. ನಮ್ಮಲ್ಲಿ ರಿಪೇರಿ ಖರ್ಚು ಗಾಡಿಯ ಐಡಿವಿಯ (ಪಾಲಿಸಿಯಲ್ಲಿ ಬರೆದಿರೋ ಗಾಡಿಯ ಬೆಲೆ) 75% ದಾಟಿದರೆ ಟೋಟಲ್ ಲಾಸ್ ಅಂತ ತೆಗೆದುಕೊಳ್ಳುತ್ತಾರೆ. ಆ ಗಾಡಿ ಆನ್‌ಲೈನ್ ಹರಾಜಲ್ಲಿ ಗ್ಯಾರೇಜಿನವರಿಗೆ ಹೋಗುತ್ತದೆ. ಟಿಂಕರಿಂಗ್, ಪೇಂಟಿಂಗ್ ಆಗಿ ತಿರುಗಿ ಬರುತ್ತದೆ. ಕಾಗದದಲ್ಲಿ ಏನೂ ಕಾಣಲ್ಲ. ಅದಕ್ಕೇ ಕಣ್ಣಲ್ಲಿ ನೋಡಬೇಕು ಅನ್ನೋದು. ಬಾಗಿಲಿನ ಬೋಲ್ಟಿನ ಮೇಲೆ ಸ್ಪ್ಯಾನರ್ ಕಚ್ಚಿದ ಗುರುತು ಇದೆಯಾ, ನಾಲ್ಕು ಗಾಜಿನ ಮೂಲೆಯಲ್ಲಿರೋ ವರ್ಷದ ಗುರುತು ಒಂದೇ ಥರ ಇದೆಯಾ. ಇವೆರಡು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ.

ಆ್ಯಕ್ಟಿವಾ ಅನಾಥ

ನೀವೆಲ್ಲ ಗಾಡಿ ಇರೋ ಹರಾಜಿನ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಗಾಡಿಯೇ ಇಲ್ಲದ ಕಡೆ ದುಡ್ಡು ಕಟ್ಟಿದವನು. ನಾಚಿಕೆ ಬಿಟ್ಟು ಹೇಳುತ್ತೇನೆ.

ಜಾಹೀರಾತಿನಲ್ಲಿ ಆ್ಯಕ್ಟಿವಾ, 22 ಸಾವಿರ. ಮಾರುವವನು ಸೈನ್ಯದಲ್ಲಿದ್ದಾನಂತೆ, ಬೇರೆ ರಾಜ್ಯಕ್ಕೆ ವರ್ಗ ಆಗಿದೆಯಂತೆ, ಗಾಡಿ ವಿಮಾನ ನಿಲ್ದಾಣದ ಪಾರ್ಸೆಲ್ ಆಫೀಸಲ್ಲಿದೆಯಂತೆ. ಯೂನಿಫಾರಂ ಹಾಕಿದ ಫೋಟೋ, ಕ್ಯಾಂಟೀನ್ ಕಾರ್ಡು, ಆಧಾರ್ ಎಲ್ಲ ಕಳಿಸಿದ. 'ಜೈ ಹಿಂದ್ ಸರ್' ಅಂತಲೇ ಮಾತು ಶುರು. ಮೊದಲು ಪಾರ್ಸೆಲ್ ಖರ್ಚು 3,150. ಆಮೇಲೆ ಗೇಟ್‌ಪಾಸ್ 5,200, ಇದು ವಾಪಸ್ ಬರುತ್ತೆ ಅಂದ. ವಾಪಸ್ ಕೊಡೋಕೆ ಅಂತ ಒಂದು ಕ್ಯೂಆರ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ದುಡ್ಡು ಬರಲಿಲ್ಲ, ಇನ್ನೂ 10,400 ಹೋಯಿತು. ದುಡ್ಡು ಬರೋದಕ್ಕೆ ಪಿನ್ ಒತ್ತಬೇಕಾಗಿಲ್ಲ ಅಂತ ಆವತ್ತು ನನಗೆ ಹೊಳೆಯಲಿಲ್ಲ. ನಾನು ಕಾಮರ್ಸ್ ಓದಿದವನು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡೋದು ಎರಡು ದಿನ ತಡ ಮಾಡಿದೆ. ಯಾರಿಗಾದರೂ ಹೀಗಾದರೆ ನಾಚಿಕೆ ಪಡುತ್ತ ಕೂರಬೇಡಿ, ಆ ಗಳಿಗೆಯಲ್ಲೇ ಮಾಡಿ. ತಕ್ಷಣ ಹೇಳಿದರೆ ದುಡ್ಡು ಹೋದ ಖಾತೆಯನ್ನು ತಡೆಯುವ ಅವಕಾಶ ಇರುತ್ತದೆ.

ಯಾರ್ಡ್ ಸುತ್ತೋನು

ಈಗ ಇದೇ ಆಟ ಹರಾಜಿನ ಹೆಸರಲ್ಲೂ ನಡೆಯುತ್ತಿದೆ. ಬ್ಯಾಂಕಿನ ಲೋಗೋ ಹಾಕಿ ವಾಟ್ಸ್ಆ್ಯಪಲ್ಲಿ 'ಸೀಜಿಂಗ್ ಗಾಡಿ ಸೇಲ್, ಸ್ವಿಫ್ಟ್ 90 ಸಾವಿರ' ಅಂತ ಪಟ್ಟಿ ಬರುತ್ತದೆ. ಎರಡು ಕಡೆ ಸಿಕ್ಕಿಬೀಳುತ್ತಾರೆ ನೋಡಿ. ಒಂದು, ಡೆಪಾಸಿಟ್ ಯಾರದ್ದೋ ಯುಪಿಐ ನಂಬರಿಗೆ ಹಾಕಿ ಅನ್ನುತ್ತಾರೆ. ನಿಜವಾದ ಹರಾಜಲ್ಲಿ ದುಡ್ಡು ಕಂಪನಿ ಹೆಸರಿನ ಖಾತೆಗೆ ಹೋಗುತ್ತದೆ. ಎರಡು, ಗಾಡಿ ನೋಡಬೇಕು ಅಂದರೆ ಯಾರ್ಡಿಗೆ ಬಿಡಲ್ಲ. ಅನುಮಾನ ಬಂದರೆ ಎಚ್‌ಪಿ ಇರೋ ಬ್ಯಾಂಕಿನ ಬ್ರಾಂಚಿಗೇ ನೇರ ಹೋಗಿ, ಲೋನ್ ಸೆಕ್ಷನ್‌ನಲ್ಲಿ ಕೇಳಿ.

ಕದ್ದ ಗಾಡಿಯ ಭಯ ಇದ್ದರೆ ಕೇಂದ್ರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯವರ 'ವಾಹನ್ ಸಮನ್ವಯ್' ಅಂತಿದೆ. ಚಾಸಿ ನಂಬರ್, ಇಂಜಿನ್ ನಂಬರ್ ಹಾಕಿದರೆ ಪೊಲೀಸ್ ದಾಖಲೆಯಲ್ಲಿ ಕಳವು ಅಂತ ಇದೆಯಾ ತೋರಿಸುತ್ತದೆ.

ಮೆಜೆಸ್ಟಿಕ್ ಸ್ಟ್ಯಾಂಡ್

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಆ ಕಡೆಯವನು. ನನ್ನ ಟ್ಯಾಕ್ಸಿ ಸೀಜ್ ಆಗಿ ಹರಾಜಾಗಿದೆ.

2020ರಲ್ಲಿ ಕೊರೊನಾ ಬಂದು ಬಾಡಿಗೆ ನಿಂತಿತು. ಮಾರ್ಚ್‌ನಿಂದ ಆಗಸ್ಟ್ ತನಕ ಕಂತು ಮುಂದಕ್ಕೆ ಹಾಕುವ ಅವಕಾಶ ಇತ್ತು, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. ಸೆಪ್ಟೆಂಬರಲ್ಲಿ ಕಂತು ಶುರುವಾದಾಗ ಏರ್‌ಪೋರ್ಟ್ ಬಾಡಿಗೆ ಇನ್ನೂ ಶುರುವಾಗಿರಲಿಲ್ಲ. ಮುಂದಿನ ವರ್ಷ ಒಂದು ಬೆಳಿಗ್ಗೆ ಟೀ ಕುಡಿಯೋಕೆ ನಿಲ್ಲಿಸಿದ್ದೆ, ನಾಲ್ಕು ಜನ ಬಂದರು. ಕೀ ಇಸಿದುಕೊಂಡರು. ಒಳಗೆ ಮಗಳ ಸ್ಕೂಲ್ ಬ್ಯಾಗ್ ಇತ್ತು, ಅದನ್ನು ಕೊಡಿ ಅಂದರೆ ಯಾರ್ಡಿಗೆ ಬಂದು ಬರೆದುಕೊಟ್ಟು ತೆಗೆದುಕೊಂಡು ಹೋಗು ಅಂದರು. ನನ್ನ ಗಾಡಿಯಿಂದ ನನ್ನ ಮಗಳ ಬ್ಯಾಗು ತರೋಕೆ ನಾನು ರಿಜಿಸ್ಟರಲ್ಲಿ ಸಹಿ ಹಾಕಿದೆ.

ಯಾರ ಮೇಲೂ ಸಿಟ್ಟಿಲ್ಲ ಈಗ. ತೆಗೆದುಕೊಳ್ಳುವವರು ತಿಳಿದಿರಲಿ ಅಂತ ಎರಡು ಮಾತು. ಗಾಡಿ ಹಿಡಿಯುವ ಮುಂಚೆ, ಮಾರುವ ಮುಂಚೆ ಓನರ್‌ಗೆ ನೋಟಿಸ್ ಕೊಡಬೇಕು, ಬಾಕಿ ಕಟ್ಟಿ ಬಿಡಿಸಿಕೊಳ್ಳೋಕೆ ಕೊನೆಯ ಅವಕಾಶ ಕೊಡಬೇಕು. ಅದು ಸರಿಯಾಗಿ ಆಗಿಲ್ಲ ಅಂದರೆ ಓನರ್ ಕೋರ್ಟಿಗೆ ಹೋಗಬಹುದು, ಆಗ ನಿಮ್ಮ ಗಾಡಿಯೂ ಎಳೆದಾಟಕ್ಕೆ ಸಿಕ್ಕಿಕೊಳ್ಳುತ್ತದೆ. ಮಾರಾಟದ ನೋಟಿಸ್ ಹೋಗಿದೆಯಾ ಅಂತ ಬ್ಯಾಂಕಿನವರನ್ನು ಕೇಳಿ. ಇನ್ನೊಂದು, ನೀವು ಗೆದ್ದ ಮೇಲೂ ಓನರ್ ಓಡಿ ಬಂದು ಬಾಕಿ ಕಟ್ಟಿದ ಅಂತ ಬಿಡ್ ರದ್ದಾಗಬಹುದು. ಡೆಪಾಸಿಟ್ ವಾಪಸ್ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಒಂದು ಮನೆ ಉಳಿಯಿತು ಅಂದುಕೊಳ್ಳಿ.

ತುಮಕೂರು ಒಗ್ಗರಣೆ

ಅಣ್ಣ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಇಂಥ ಗಾಡಿ ತೆಗೆದುಕೊಳ್ಳೋದೇ ತಪ್ಪಾ ಅನ್ನಿಸುತ್ತಿದೆ.

ಮೆಜೆಸ್ಟಿಕ್ ಸ್ಟ್ಯಾಂಡ್

ತಪ್ಪೇನಿಲ್ಲ ಅಮ್ಮ. ಒಳ್ಳೆ ಬೆಲೆಗೆ ಹೋದರೆ ಓನರ್ ಸಾಲವೂ ಅಷ್ಟು ಕಡಿಮೆ ಆಗುತ್ತದೆ. ನನ್ನದು ತೀರಾ ಕಡಿಮೆಗೆ ಹೋಯಿತು, ಉಳಿದಿದ್ದನ್ನು ಮೂರು ವರ್ಷ ಕಟ್ಟಿದೆ. ನೀವು ಹಾಕಿ.

ತುಮಕೂರು ಒಗ್ಗರಣೆ

ಶನಿವಾರ ಯಾರ್ಡಿಗೆ ಹೋಗಿ ಬಂದೆವು. ಉದ್ದ ಬರೆಯುತ್ತೇನೆ, ಬೈಕೋಬೇಡಿ.

ನಾನು, ತಮ್ಮ, ನಮ್ಮ ಬೀದಿಯ ಮೆಕ್ಯಾನಿಕ್. ಪೀಣ್ಯದವರು ಹೇಳಿದ ಹಾಗೆ ಬ್ಯಾಟರಿ ಹೊತ್ತುಕೊಂಡು ಹೋದೆವು. ಗೇಟಲ್ಲಿ ಆಧಾರ್ ತೋರಿಸಿ ಹೆಸರು ಬರೆಸಿದೆವು. ಒಳಗೆ ನೂರಾರು ಗಾಡಿ, ಎಲ್ಲದರ ಮೇಲೂ ಕೆಂಪು ಧೂಳು, ಗಾಜಿನ ಮೇಲೆ ಸುಣ್ಣದಲ್ಲಿ ನಂಬರ್. ಎರಡು ಸಾಲು ಬರೀ ಆಟೋಗಳು. ಮೆಜೆಸ್ಟಿಕ್ ಅಣ್ಣನ ನೆನಪಾಯಿತು.

ಯಾರ್ಡಿನ ಹುಡುಗ ಸ್ಟಾರ್ಟ್ ಮಾಡೋ ಹಾಗಿಲ್ಲ ಅಂದ. ಸೂಪರ್‌ವೈಸರ್ ಹತ್ತಿರ ಹೋಗಿ ಕೇಳಿದ್ದಕ್ಕೆ ಸ್ಟಾರ್ಟ್ ಮಾಡಿ, ಆದರೆ ಒಂದಡಿ ಕೂಡ ಓಡಿಸಬೇಡಿ ಅಂದರು. ಸೀಟು ಎತ್ತಿದರೆ ಒಳಗೆಲ್ಲ ಒಣಗಿದ ಸೇವಂತಿಗೆ ಎಸಳು. ಹೂವು ಸಾಗಿಸುತ್ತಿದ್ದರೇನೋ. ಆಯಿಲ್ ಕಪ್ಪಗಿತ್ತು, ಆದರೆ ನೊರೆ ಇರಲಿಲ್ಲ. ಬೆಲ್ಟ್ ಪೂರ್ತಿ ಎಳೆದೆ, ಗೆರೆ ಇಲ್ಲ. ಸ್ಟೆಪ್ನಿ ಇಲ್ಲ, ಜ್ಯಾಕ್ ಇಲ್ಲ. ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು, ಮೊದಲು ಬಿಳಿ ಹೊಗೆ, ಆಮೇಲೆ ಸರಿಹೋಯಿತು.

ಚಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು ನಮ್ಮ ಮೆಕ್ಯಾನಿಕ್. ಆ್ಯಪಲ್ಲಿ ತೋರಿಸೋ ನಂಬರಿಗೆ ತಾಳೆ ಆಯಿತು. ಟೈರ್ ಮೇಲೆ ನಾಲ್ಕು ಅಂಕಿ ನೋಡೋದು ಕಲಿಸಿದರು. ಮುಂದಿನದ್ದು 1818, ಅಂದರೆ 2018ರ 18ನೇ ವಾರ. ಹಿಂದಿನದ್ದು 4122. ಮುಂದಿನವು ಕಂಪನಿಯಿಂದ ಬಂದವೇ, ಅಂಚಲ್ಲೆಲ್ಲ ಬಿರುಕು.

ಈಗ ಮುಖ್ಯವಾದದ್ದು. ಮೀಟರಲ್ಲಿ 61 ಸಾವಿರ ಕಿಲೋಮೀಟರ್. ತಮ್ಮ ಖುಷಿಯಾಗಿಬಿಟ್ಟ. ಡ್ರೈವರ್ ಬಾಗಿಲ ಸಂದಿಯಲ್ಲಿ ಆಯಿಲ್ ಬದಲಾಯಿಸಿದಾಗ ಅಂಟಿಸೋ ಚಿಕ್ಕ ಸ್ಟಿಕರ್ ಇತ್ತು, ಅರ್ಧ ಹರಿದಿತ್ತು. ಅದರಲ್ಲಿ 2022ರ ತಾರೀಕು, ಪಕ್ಕದಲ್ಲಿ ಪೆನ್ನಲ್ಲಿ 84,200. ಮೀಟರ್ ಹಿಂದಕ್ಕೆ ಓಡಿದೆ!

ಪೀಣ್ಯ ಸ್ಪ್ಯಾನರ್

ಸೂಪರ್ ಅಕ್ಕ. ಮೀಟರ್ ತಿರುಗಿಸೋರು ಆ ಸ್ಟಿಕರ್ ಮರೆಯುತ್ತಾರೆ. ಹಾಗಂತ ಬಿಟ್ಟುಬಿಡಬೇಡಿ. ಆಯಿಲ್ ಸರಿಯಾಗಿ ಹಾಕಿದ್ದರೆ ಆ ಇಂಜಿನ್‌ಗೆ ಒಂದೂ ಕಾಲು ಲಕ್ಷ ಕಿಲೋಮೀಟರ್ ದೊಡ್ಡದಲ್ಲ. ಆದರೆ ಬೆಲೆ ಹಾಕುವಾಗ 61 ಸಾವಿರದ ಗಾಡಿ ಅಂತ ಹಾಕಬೇಡಿ.

ಯಾರ್ಡ್ ಸುತ್ತೋನು

ನಿಮ್ಮ ಕಡೆ ಆ ವರ್ಷದ ಗಾಡಿ ಹೊರಗೆ ಎಷ್ಟಕ್ಕೆ ಸಿಗುತ್ತಿದೆ?

ತುಮಕೂರು ಒಗ್ಗರಣೆ

3.10 ಕೇಳುತ್ತಾರೆ. ಅದರಲ್ಲಿ ಮೇಲಿನ ಖರ್ಚು 55 ಸಾವಿರ ತೆಗೆದೆ, 2.55. ಮೀಟರಿಗೆ ಮತ್ತು ಗ್ಯಾರಂಟಿ ಇಲ್ಲದ್ದಕ್ಕೆ ಇನ್ನೂ 25 ಸಾವಿರ ತೆಗೆದೆ. 2.30 ನನ್ನ ಗೆರೆ. ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದೇನೆ.

ಯಾರ್ಡ್ ಸುತ್ತೋನು

ಗೆರೆ ದಾಟಬೇಡಿ. ಕೊನೆ ಐದು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಸಮಯ ತಾನೇ ಐದು ನಿಮಿಷ ಮುಂದೆ ಹೋಗುತ್ತದೆ. ಎರಡೆರಡು ಸಾವಿರ ಅಂತ ಕೈ ಒತ್ತುತ್ತಾ ಹೋಗುತ್ತೆ, ಅರ್ಧ ಗಂಟೆಯಲ್ಲಿ 40 ಸಾವಿರ ಏರಿರೋದು ಗೊತ್ತೇ ಆಗಲ್ಲ.

ತುಮಕೂರು ಒಗ್ಗರಣೆ

ಸೋಮವಾರದ ಸುದ್ದಿ: ಹೋಯಿತು. 5ಕ್ಕೆ ಮುಗಿಯಬೇಕಿದ್ದು 5.50ರ ತನಕ ಎಳೆಯಿತು. ನಾನು 2.30ಕ್ಕೆ ನಿಲ್ಲಿಸಿದೆ. ತಮ್ಮ ಇನ್ನೊಂದೇ ಇನ್ನೊಂದೇ ಅಂತ ಕೂಗುತ್ತಿದ್ದ, ಫೋನ್ ಹಿಟ್ಟಿನ ಡಬ್ಬದ ಮೇಲೆ ಬೋರಲು ಹಾಕಿಟ್ಟೆ. ಕೊನೆಗೆ 2.71ಕ್ಕೆ ಹೋಯಿತು.

ಯಾರ್ಡ್ ಸುತ್ತೋನು

2.71ಕ್ಕೆ ಆ ಗಾಡಿ ತೆಗೆದುಕೊಂಡವನು ದುಡ್ಡು ಕಟ್ಟುತ್ತಾನಾ ನೋಡೋಣ. ಹುಮ್ಮಸ್ಸಲ್ಲಿ ಹಾಕಿ ಆಮೇಲೆ ಡೆಪಾಸಿಟ್ ಹೋದರೆ ಹೋಗಲಿ ಅಂತ ಬಿಟ್ಟು ಹೋಗುವವರು ಎಷ್ಟೋ ಜನ. ಪಟ್ಟಿ ನೋಡುತ್ತಿರಿ.

ಕೆಂಗೇರಿ ಎಕ್ಸ್‌ಪ್ರೆಸ್

ಅಕ್ಕ, ಆಮೇಲೆ ಏನಾಯಿತು? ಮೂರು ತಿಂಗಳಾಯಿತು.

ತುಮಕೂರು ಒಗ್ಗರಣೆ

ಕ್ಷಮಿಸಿ, ಮದುವೆ ಸೀಸನ್. ಯಾರ್ಡಿನ ಅಣ್ಣ ಹೇಳಿದ ಹಾಗೇ ಆಯಿತು. ಮೂರು ವಾರ ಬಿಟ್ಟು ಅದೇ ಈಕೋ, ಅದೇ ಎಂಟು ಫೋಟೋ, ಅದೇ ಸ್ಟಿಕರ್ ತಿರುಗಿ ಬಂತು. ಈ ಸಲ ಜನ ಕಡಿಮೆ. 2.22ಕ್ಕೆ ಸಿಕ್ಕಿತು. ಸಿಕ್ಕಿತು ಅಂದರೆ ಸಿಕ್ಕಿಲ್ಲ, ಬ್ಯಾಂಕ್ ಒಪ್ಪಬೇಕಿತ್ತು, ಅದಕ್ಕೆ ಆರು ದಿನ. ಗುಮಾಸ್ತ ಸರ್ ಹೇಳಿದ ಪ್ರಶ್ನೆ ಮೊದಲೇ ಕೇಳಿದ್ದೆ, 36 ಅವರೇ ಮಾಡಿಸಿಕೊಟ್ಟರು. ಮಾರಾಟದ ನೋಟಿಸ್ ಹೋಗಿದೆಯಾ ಅಂತ ಕೇಳಿದಾಗ ಬ್ಯಾಂಕಿನ ಆ ಹುಡುಗ ನನ್ನ ಮುಖವನ್ನೇ ನೋಡಿದ, ಯಾರೂ ಕೇಳಲ್ಲ ಮೇಡಂ ಅಂದ. ತೋರಿಸಿದ.

ಫೀಸು 6,000, ಇನ್ಶೂರೆನ್ಸ್ 8,900, ದಂಡ 5,500, ಬ್ಯಾಟರಿ 4,600, ಹಳೇ ಸ್ಟೆಪ್ನಿ 2,500, ಟೋಯಿಂಗ್ 4,000, ಆರ್‌ಟಿಒ 9,500, ಕ್ಲಚ್ಚು ಮತ್ತೊಂದು ಸೇರಿ 12,000. ಒಟ್ಟು 2.75 ಲಕ್ಷ. ಮುಂದಿನ ಟೈರ್ ಇನ್ನೂ ಬಾಕಿ ಇದೆ. ಆರ್‌ಸಿ ನನ್ನ ಹೆಸರಿಗೆ ಬರೋಕೆ 58 ದಿನ. ಅಲ್ಲಿಯ ತನಕ ಗಾಡಿ ಮನೆ ಮುಂದೆ ನಿಂತಿತ್ತು, ನಾನು ಬಾಡಿಗೆ ಗಾಡಿಯಲ್ಲೇ ಓಡಾಡಿದೆ. ಯಜಮಾನರು ದಿನಾ ಬೆಳಿಗ್ಗೆ ಅದರ ಮೇಲೆ ಪೇಪರ್ ಇಟ್ಟುಕೊಂಡು ಓದುತ್ತಿದ್ದರು.

ರಿಟೈರ್ಡ್ ಗುಮಾಸ್ತ

58 ದಿನ ಜಾಸ್ತಿ ಏನಲ್ಲ ಬಿಡಮ್ಮ. ಪಾಲಿಸಿಯೂ ನಿಮ್ಮ ಹೆಸರಿಗೆ ಆಯಿತಾ? ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಪೆಟ್ಟಾದಾಗ ಕ್ಲೇಮಿಗೆ ತಕರಾರು. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗೋ ರಿಯಾಯಿತಿ) ನಿಮಗೆ ಬರಲ್ಲ, ಅದನ್ನು ಕೇಳಬೇಡಿ.

ತುಮಕೂರು ಒಗ್ಗರಣೆ

ಆಯಿತು ಸರ್, ನಾಲ್ಕನೇ ದಿನವೇ ಮಾಡಿಸಿದೆ. ನಿನ್ನೆ ಮೊದಲನೇ ಸಲ ಸಿದ್ಧಗಂಗೆ ರಸ್ತೆಯ ಒಂದು ಗೃಹಪ್ರವೇಶಕ್ಕೆ ಪಾತ್ರೆ ಹಾಕಿಕೊಂಡು ಹೋದೆವು.

ಈಗ ಒಂದು ಚಿಕ್ಕ ಪ್ರಶ್ನೆ. ಹಿಂದಿನ ಗಾಜಿನ ಸ್ಟಿಕರ್ ಕೆಳಗೆ ಅವರ ಇಬ್ಬರು ಮಕ್ಕಳ ಹೆಸರೂ ಇದೆ. ಗಾಜಿಗೆ ಗೀರು ಬೀಳದ ಹಾಗೆ ತೆಗೆಯೋದು ಹೇಗೆ?

ಪೀಣ್ಯ ಸ್ಪ್ಯಾನರ್

ಹೇರ್ ಡ್ರೈಯರ್ ಬಿಸಿ ತೋರಿಸಿ, ಮೂಲೆಯಿಂದ ಉಗುರಲ್ಲಿ ಎಬ್ಬಿಸಿ. ಉಳಿದ ಗೋಂದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ. ಬ್ಲೇಡ್ ಹಾಕಬೇಡಿ.

ಮೆಜೆಸ್ಟಿಕ್ ಸ್ಟ್ಯಾಂಡ್

ಮಕ್ಕಳ ಹೆಸರು ತೆಗೆಯಿರಿ ಅಮ್ಮ. ಮೇಲಿನ ಸಾಲು ಇರಲಿ ಬಿಡಿ.

ತುಮಕೂರು ಒಗ್ಗರಣೆ

ಹೂಂ ಅಣ್ಣ, ಅದನ್ನು ತೆಗೆಯೋ ಯೋಚನೆ ನನಗೂ ಇರಲಿಲ್ಲ.